ರಕ್ಷಣಾ ಬಿಡಿಭಾಗ ರಫ್ತು: ಡ್ರಾಯಿಂಗ್ ಬಂದ ದಿನದಿಂದ ಶಿಪ್ಪಿಂಗ್ ಬಿಲ್‌ವರೆಗೆ ಏನೇನು ಮಾಡಬೇಕು

ಮಾಲು ರೆಡಿ. ಪ್ಯಾಕಿಂಗ್ ಮುಗಿದಿದೆ. ಗಾಡಿ ಹತ್ತಿಸಬೇಕು ಅನ್ನುವಾಗ ಕಸ್ಟಮ್ಸ್ ಬ್ರೋಕರ್ ಫೋನ್ ಮಾಡುತ್ತಾರೆ: 'ಸಾರ್, ಇದಕ್ಕೆ ಸ್ಕೋಮೆಟ್ ಬರುತ್ತಾ?' ಅಂದರೆ, ರಫ್ತಿಗೆ ಸರ್ಕಾರದ ಅನುಮತಿ ಬೇಕಾದ ಮಾಲುಗಳ ಪಟ್ಟಿಯಲ್ಲಿ ಇದು ಇದೆಯಾ ಅಂತ. ಪೀಣ್ಯ, ದೇವನಹಳ್ಳಿ, ಬೆಳಗಾವಿ ಕಡೆಯ ಎಷ್ಟೋ ಮೆಷಿನ್ ಶಾಪ್‌ಗಳಲ್ಲಿ ರಫ್ತು ನಿಯಂತ್ರಣದ ಮಾತು ಮೊದಲ ಸಲ ಕೇಳಿಬರುವುದು ಆಗಲೇ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಡ್ರಾಯಿಂಗ್ ಆಗಲೇ ಹೀಟ್ ಟ್ರೀಟ್‌ಮೆಂಟ್‌ನವರಿಗೆ, ಪ್ಲೇಟಿಂಗ್‌ನವರಿಗೆ ಹೋಗಿದೆ. ಯಾರದ್ದೋ ಸ್ವಂತ ಜಿಮೇಲ್‌ನಲ್ಲೂ ಕೂತಿದೆ.

ನನ್ನ ಪ್ರಕಾರ ಎಡವಟ್ಟು ಬಂದರಿನಲ್ಲಿ ಆಗುವುದು ಕಡಿಮೆ. ಅಲ್ಲಿ ಸಿಕ್ಕಿಬೀಳುತ್ತದೆ, ಅಷ್ಟೇ. ಆಗುವುದು ಕೊಟೇಶನ್ ಕೇಳಿ ಡ್ರಾಯಿಂಗ್ ಬರುವ ದಿನ. ಅದಕ್ಕೇ ಇಲ್ಲಿ ಹಂತಗಳ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಎರಡನೇ ಹಂತ ಮುಗಿಯದೆ ಮೂರನೆಯದಕ್ಕೆ ಹೋಗಬೇಡಿ.

ಪಟ್ಟಿಗಳು, ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಪ್ರತಿಯನ್ನೇ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ವೆಬ್‌ಸೈಟ್‌ನಿಂದ ಇಳಿಸಿಕೊಳ್ಳಿ. ಹೋದ ವರ್ಷದ ಪಿಡಿಎಫ್ ನಂಬಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಐಇಸಿ (ಆಮದು ರಫ್ತು ಸಂಕೇತ) ನಂಬರ್ ಮತ್ತು ಡಿಜಿಎಫ್‌ಟಿ ಪೋರ್ಟಲ್ ಲಾಗಿನ್. ಸಹಿ ಹಾಕುವವರ ಡಿಜಿಟಲ್ ಸಿಗ್ನೇಚರ್. ಅದರ ಅವಧಿ ಮುಗಿದಿಲ್ಲ ತಾನೇ ಅಂತ ಈಗಲೇ ನೋಡಿ. ಸ್ಕೋಮೆಟ್ ಪಟ್ಟಿಯ ಚಾಲ್ತಿ ಪ್ರತಿ. 2023ರ ವಿದೇಶಿ ವ್ಯಾಪಾರ ನೀತಿಯ 10ನೇ ಅಧ್ಯಾಯ, ಅದರ ಜತೆ ಕಾರ್ಯವಿಧಾನ ಕೈಪಿಡಿಯ 10ನೇ ಅಧ್ಯಾಯ. ಮಿಲಿಟರಿ ಮಾಲಾದರೆ ರಕ್ಷಣಾ ಉತ್ಪಾದನಾ ಇಲಾಖೆಯ ರಫ್ತು ಪೋರ್ಟಲ್‌ನಲ್ಲೂ ನೋಂದಣಿ ಬೇಕು.

ಇದಕ್ಕಿಂತ ಮುಖ್ಯ, ಒಬ್ಬ ಜವಾಬ್ದಾರಿ ವ್ಯಕ್ತಿ. 'ರಫ್ತು ವಿಭಾಗ ನೋಡಿಕೊಳ್ಳುತ್ತೆ' ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. 30 ಜನರ ಶಾಪ್ ಆದರೂ ಒಬ್ಬರ ಹೆಸರು ಬರೆದಿಡಿ. ಮಾಲು ನಿಲ್ಲಿಸುವ ಅಧಿಕಾರ ಅವರಿಗಿರಲಿ. ಮಾರ್ಕೆಟಿಂಗ್‌ನವರನ್ನು ಮಾತ್ರ ಇದಕ್ಕೆ ಹಾಕಬೇಡಿ. ಆರ್ಡರ್ ತರುವವರೇ ಆರ್ಡರ್ ತಡೆಯಬೇಕು ಅಂದರೆ ಆಗುವ ಮಾತಲ್ಲ.

## ಹಂತ 1: ಫೈಲ್ ತೆರೆಯುವ ಮೊದಲು ಯಾವ ದೇಶದ ಕಾನೂನು ಅಂತ ಕೇಳಿ

ಒಂದೇ ಬಿಡಿಭಾಗದ ಮೇಲೆ ಎರಡು ದೇಶದ ಕಾನೂನು ಕೂರಬಹುದು. ಅಮೆರಿಕದ ಗಿರಾಕಿ ಡ್ರಾಯಿಂಗ್ ಕಳಿಸಿ ಬೆಂಗಳೂರಿನಲ್ಲಿ ಮಾಡಿಸುತ್ತಾರೆ ಅನ್ನಿ. ಡ್ರಾಯಿಂಗ್ ಇಲ್ಲಿಗೆ ಬರುವುದಕ್ಕೆ ಅಮೆರಿಕದ ಕಾನೂನು. ಮಾಡಿದ ಮಾಲು ಇಲ್ಲಿಂದ ಹೊರಡುವುದಕ್ಕೆ ಭಾರತದ ಕಾನೂನು. ಒಂದರ ಪರವಾನಗಿ ಇನ್ನೊಂದಕ್ಕೆ ಸಾಲುವುದಿಲ್ಲ. 'ಗಿರಾಕಿ ಹತ್ತಿರ ಅಮೆರಿಕ ಸರ್ಕಾರದ ಲೈಸೆನ್ಸ್ ಇದೆ, ನಮಗ್ಯಾಕೆ?' ಅನ್ನುವುದು ನಾನು ಅತಿ ಹೆಚ್ಚು ಕೇಳುವ ತಪ್ಪು.

ಅಮೆರಿಕದ ಕಡೆ ಎರಡು ಬೇರೆ ಬೇರೆ ವ್ಯವಸ್ಥೆ ಇವೆ. ಅಪ್ಪಟ ಮಿಲಿಟರಿ ಮಾಲು, ಅದರ ತಾಂತ್ರಿಕ ಮಾಹಿತಿ ಐಟಾರ್ ಅನ್ನುವ ಶಸ್ತ್ರಾಸ್ತ್ರ ವ್ಯಾಪಾರ ನಿಯಮಗಳ ಕೆಳಗೆ ಬರುತ್ತದೆ. ಅದರ ಪಟ್ಟಿಯಲ್ಲಿ 21 ವರ್ಗಗಳಿವೆ, ನೋಡಿಕೊಳ್ಳುವುದು ಅಲ್ಲಿನ ವಿದೇಶಾಂಗ ಇಲಾಖೆ. ನಾಗರಿಕ, ಮಿಲಿಟರಿ ಎರಡೂ ಬಳಕೆಗೆ ಬರುವ ಮಾಲು ಮತ್ತು ಕಡಿಮೆ ಸೂಕ್ಷ್ಮವಾದ ಮಿಲಿಟರಿ ಬಿಡಿಭಾಗಗಳು ಇಎಆರ್ ಅನ್ನುವ ರಫ್ತು ನಿಯಮಗಳ ಕೆಳಗೆ, ವಾಣಿಜ್ಯ ಇಲಾಖೆಯ ಕೈಯಲ್ಲಿ. ಇಎಆರ್‌ನ ನಿಯಂತ್ರಣ ಪಟ್ಟಿಯಲ್ಲಿರುವ ಪ್ರತಿ ಮಾಲಿಗೂ ಇಸಿಸಿಎನ್ ಅನ್ನುವ ಸಂಕೇತ ಇರುತ್ತದೆ. ಮಿಲಿಟರಿ ವಿಮಾನದ ಬಿಡಿಭಾಗವಾದರೆ 9ಎ610, ಅದರ ತಂತ್ರಜ್ಞಾನಕ್ಕೆ 9ಇ610. ನಡುವೆ 6 ಬಂದಿದೆ ಅಲ್ವಾ, ಅದನ್ನೇ '600 ಸರಣಿ' ಅನ್ನುತ್ತಾರೆ.

ಕೊಟೇಶನ್ ಕೇಳಿ ಮೇಲ್ ಬಂದ ಕೂಡಲೇ, ಫೈಲ್ ಇಳಿಸುವ ಮೊದಲು ಗಿರಾಕಿಗೆ ಇಷ್ಟು ಕೇಳಿ:

- ಈ ಡ್ರಾಯಿಂಗ್ ಐಟಾರ್‌ಗೆ ಸೇರಿದ್ದೋ, ಇಎಆರ್‌ಗೆ ಸೇರಿದ್ದೋ? ವರ್ಗ ಅಥವಾ ಇಸಿಸಿಎನ್ ಯಾವುದು?
- ಯಾವ ಪರವಾನಗಿ ಅಥವಾ ವಿನಾಯಿತಿಯ ಮೇಲೆ ನಮಗೆ ಕಳಿಸುತ್ತಿದ್ದೀರಿ? ನಂಬರ್, ಅವಧಿ?
- ಅದರಲ್ಲಿ ನಮ್ಮ ಕಂಪನಿ ಹೆಸರು, ನಾವು ಕೆಲಸ ಮಾಡುವ ಯೂನಿಟ್‌ನ ವಿಳಾಸ ಇದೆಯಾ?
- ನಮ್ಮ ಜಾಬ್ ವರ್ಕ್‌ನವರಿಗೆ ಡ್ರಾಯಿಂಗ್ ತೋರಿಸಬಹುದಾ?
- ಕೆಲಸ ಮುಗಿದ ಮೇಲೆ ಡ್ರಾಯಿಂಗ್ ವಾಪಸ್ ಕೊಡಬೇಕಾ, ನಾಶ ಮಾಡಬೇಕಾ?

ಕೇಳಿದರೆ ಆರ್ಡರ್ ತಪ್ಪುತ್ತದೆ ಅನ್ನುವ ಭಯ ಬೇಡ. ಈ ಪ್ರಶ್ನೆ ಕೇಳುವ ಸಪ್ಲೈಯರ್ ಮೇಲೆ ದೊಡ್ಡ ಕಂಪನಿಗಳಿಗೆ ನಂಬಿಕೆ ಜಾಸ್ತಿಯೇ ಆಗುತ್ತದೆ. ಅವರ ಕಡೆಯವರೂ ತಪ್ಪು ಮಾಡುತ್ತಾರೆ. ಎಫ್-35 ಸೇರಿದಂತೆ ಹಲವು ಮಿಲಿಟರಿ ಸಾಧನಗಳ ಬಿಡಿಭಾಗಗಳ ಡ್ರಾಯಿಂಗ್‌ಗಳನ್ನು ಕೊಟೇಶನ್‌ಗಾಗಿ ಚೀನಾ ಮತ್ತಿತರ ದೇಶಗಳಿಗೆ ಪರವಾನಗಿ ಇಲ್ಲದೆ ಕಳಿಸಿದ ಪ್ರಕರಣದಲ್ಲಿ ಹನಿವೆಲ್ ಕಂಪನಿ 2021ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಜತೆ 1.3 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆರ್ಡರ್ ಕೂಡ ಅಲ್ಲ, ಬರೀ ಕೊಟೇಶನ್ ಹಂತ ಅದು.

ಗಿರಾಕಿಯ ಉತ್ತರ ಐಟಾರ್ ಅಂತ ಬಂದರೆ: ಡ್ರಾಯಿಂಗ್ ಬರುವ ಮೊದಲೇ ಒಪ್ಪಂದ ಆಗಿರಬೇಕು. ತಾಂತ್ರಿಕ ನೆರವಿನ ಒಪ್ಪಂದಕ್ಕೆ ಟಿಎಎ, ತಯಾರಿಕೆಯ ಒಪ್ಪಂದಕ್ಕೆ ಎಂಎಲ್‌ಎ ಅನ್ನುತ್ತಾರೆ. ಬರೀ ಡ್ರಾಯಿಂಗ್ ಪ್ರಕಾರ ಮಾಡಿ ಅಮೆರಿಕಕ್ಕೇ ವಾಪಸ್ ಕಳಿಸುವ ಕೆಲಸಕ್ಕೆ ಷರತ್ತುಗಳ ಮೇಲೆ ಡಿಎಸ್‌ಪಿ-5 ಪರವಾನಗಿಯೂ ನಡೆಯುತ್ತದೆ. ಅರ್ಜಿ ಹಾಕುವವರು ಗಿರಾಕಿ. ಆದರೆ ಷರತ್ತು ಪಾಲಿಸಬೇಕಾದವರು ನೀವು. ಒಪ್ಪಂದದ ಪೂರ್ತಿ ಪ್ರತಿ, ಜತೆಗೆ ಅಲ್ಲಿನ ಸರ್ಕಾರ ಹಾಕಿದ ಷರತ್ತುಗಳ ಪತ್ರ ಕೇಳಿ ಪಡೆಯಿರಿ. ಸಹಿಯ ಪುಟ ಮಾತ್ರ ಇಟ್ಟುಕೊಂಡು ಕೂರಬೇಡಿ.

ಉತ್ತರ ಇಎಆರ್‌ನ ಎಸ್‌ಟಿಎ ವಿನಾಯಿತಿ (ಆಯ್ದ ದೇಶಗಳಿಗೆ ಪರವಾನಗಿ ಇಲ್ಲದೆ ಕಳಿಸಲು ಬಿಡುವಂಥದ್ದು) ಅಂತ ಬಂದರೆ: 2018ರಿಂದ ಭಾರತಕ್ಕೂ ಈ ವಿನಾಯಿತಿಯ ಮೇಲಿನ ದರ್ಜೆ ಸಿಕ್ಕಿದೆ. ಆದರೆ ಮಾಲು ಪಡೆಯುವವರು ಮೊದಲೇ ಒಂದು ಹೇಳಿಕೆಗೆ ಸಹಿ ಹಾಕಬೇಕು. ಪರ್ಚೇಸ್‌ನವರು ಅದನ್ನು ಮಾಮೂಲಿ ಫಾರಂ ಅಂದುಕೊಂಡು ಸೀಲ್ ಒತ್ತಿ ಕಳಿಸಿಬಿಡುತ್ತಾರೆ. ಅನುಮತಿ ಇಲ್ಲದೆ ಬೇರೆಡೆಗೆ ಕಳಿಸುವುದಿಲ್ಲ ಅನ್ನುವ ಮಾತು ಅದರಲ್ಲಿದೆ. 600 ಸರಣಿಯ ಮಾಲಾದರೆ, ಅಮೆರಿಕ ಸರ್ಕಾರ ಬಂದು ಪರಿಶೀಲಿಸಲು ಒಪ್ಪುತ್ತೇವೆ ಅಂತಲೂ ಬರೆದುಕೊಟ್ಟ ಹಾಗಾಯಿತು. ಓದಿ ಸಹಿ ಹಾಕಿ.

ಫ್ರಾನ್ಸ್, ಇಸ್ರೇಲ್, ಜರ್ಮನಿ ಗಿರಾಕಿಗಳಿಗೂ ಅವರವರ ಕಾನೂನು ಇದೆ. ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ.

## ಹಂತ 2: ಸ್ಕೋಮೆಟ್ ಪಟ್ಟಿಯಲ್ಲಿ ನಿಮ್ಮ ಮಾಲು ಎಲ್ಲಿದೆ ಅಂತ ಹುಡುಕಿ

ಜಾಸ್ತಿ ಸಮಯ ಇದಕ್ಕೇ ಕೊಡಿ. ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪೇ.

ಸ್ಕೋಮೆಟ್ ಅಂದರೆ ವಿಶೇಷ ರಾಸಾಯನಿಕ, ಜೀವಾಣು, ವಸ್ತು, ಉಪಕರಣ ಮತ್ತು ತಂತ್ರಜ್ಞಾನಗಳ ಪಟ್ಟಿ. ವರ್ಗಗಳಿಗೆ 0ಯಿಂದ 8ರವರೆಗೆ ನಂಬರ್ ಇದೆ. ಪರಮಾಣು ಸಂಬಂಧಿ 0 ಮತ್ತು 4, ರಾಸಾಯನಿಕದ 1, ಜೀವಾಣುಗಳ 2 ನಮ್ಮ ಮೆಷಿನ್ ಶಾಪ್‌ಗಳಿಗೆ ಸಾಮಾನ್ಯವಾಗಿ ತಾಗುವುದಿಲ್ಲ. ನೋಡಬೇಕಾದವು ನಾಲ್ಕು: ಮಿಲಿಟರಿ ಸಾಮಗ್ರಿಯ 6, ಕ್ಷಿಪಣಿ, ಡ್ರೋನ್ ಇತ್ಯಾದಿ ಏರೋಸ್ಪೇಸ್‌ನ 5, ವಸ್ತುಗಳು ಮತ್ತು ಸಂಸ್ಕರಣಾ ಉಪಕರಣದ 3, ಎಲೆಕ್ಟ್ರಾನಿಕ್ಸ್, ಸೆನ್ಸರ್, ನ್ಯಾವಿಗೇಶನ್, ಎಂಜಿನ್ ಎಲ್ಲ ಇರುವ 8. ಈ ಕ್ರಮದಲ್ಲೇ ನೋಡಿ. 8ರಿಂದ ಶುರು ಮಾಡಿದವರು 6ಕ್ಕೆ ಸೇರಬೇಕಾದ್ದನ್ನು ಅಲ್ಲೇ ಕೂರಿಸಿಬಿಡುತ್ತಾರೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಟೈಟಾನಿಯಂ ಬ್ರಾಕೆಟ್, ಅಂಗೈ ಅಗಲ, ನಾಲ್ಕು ತೂತು. ಪ್ರಯಾಣಿಕ ವಿಮಾನದ ಸೀಟಿನ ಕೆಳಗೆ ಹೋಗುವ ಬ್ರಾಕೆಟ್ ಆದರೆ ಅದು ಪಟ್ಟಿಯಲ್ಲಿ ಇರುವ ಸಾಧ್ಯತೆ ಬಹಳ ಕಡಿಮೆ. ಅದೇ ಟೈಟಾನಿಯಂ, ಅದೇ ಗಾತ್ರ, ಆದರೆ ಯುದ್ಧವಿಮಾನಕ್ಕೆಂದೇ ವಿನ್ಯಾಸ ಮಾಡಿದ ಬ್ರಾಕೆಟ್ ಆದರೆ 6ಎ010 ನೋಡಲೇಬೇಕು. ಮಿಲಿಟರಿ ವಿಮಾನ ಮತ್ತು ಅದಕ್ಕಾಗಿ ವಿಶೇಷವಾಗಿ ವಿನ್ಯಾಸ ಮಾಡಿದ ಬಿಡಿಭಾಗಗಳು ಅಲ್ಲಿ ಬರುತ್ತವೆ. ಅದರ ತಂತ್ರಜ್ಞಾನ 6ಎ022ರಲ್ಲಿ, ಸಾಫ್ಟ್‌ವೇರ್ 6ಎ021ರಲ್ಲಿ. ನಿಮ್ಮ ಮೆಷಿನ್‌ಗೆ ಎರಡೂ ಒಂದೇ ಬ್ರಾಕೆಟ್. ಕಾನೂನಿಗೆ ಅಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ 'ಇದು ಎಷ್ಟು ಸರಳ?' ಅನ್ನುವುದಲ್ಲ, 'ಇದನ್ನು ಯಾವುದಕ್ಕಾಗಿ ವಿನ್ಯಾಸ ಮಾಡಿದ್ದಾರೆ?' ಅನ್ನುವುದು. ಉತ್ತರ ಡ್ರಾಯಿಂಗ್‌ನ ಬಲ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಸಿಗಬಹುದು. ಮುಂದಿನ ಅಸೆಂಬ್ಲಿಯ ನಂಬರ್, ಪ್ರಾಜೆಕ್ಟ್ ಹೆಸರು, ರಫ್ತು ನಿಯಂತ್ರಣದ ಎಚ್ಚರಿಕೆ ಸಾಲು ಎಲ್ಲ ಅಲ್ಲೇ ಇರುತ್ತವೆ. ಆ ಸಾಲು ಇಲ್ಲ ಅಂದಮಾತ್ರಕ್ಕೆ ನಿಯಂತ್ರಣ ಇಲ್ಲ ಅಂತಲ್ಲ. ಹಳೇ ಡ್ರಾಯಿಂಗ್‌ಗಳಲ್ಲಿ ಬರೆಯದೇ ಬಿಟ್ಟಿರುತ್ತಾರೆ. ಗಿರಾಕಿಯಿಂದ ಬರಹದಲ್ಲಿ ತರಿಸಿ.

ಇಲ್ಲಿ ಆಗುವ ತಪ್ಪುಗಳು:

ಎಚ್‌ಎಸ್ ಕೋಡ್ ನೋಡಿ ತೀರ್ಮಾನ ಮಾಡುವುದು. ವಿಮಾನದ ಬಿಡಿಭಾಗ 8807, ಹಾಗಾಗಿ ಸ್ಕೋಮೆಟ್ ಇಲ್ಲ ಅಥವಾ ಇದೆ ಅಂತ ಬ್ರೋಕರ್ ಹೇಳಿದರೆ ಒಪ್ಪಬೇಡಿ. ಎಚ್‌ಎಸ್ ಕೋಡ್ ಇರುವುದು ಸುಂಕಕ್ಕೆ. ಸ್ಕೋಮೆಟ್ ನೋಡುವುದು ತಾಂತ್ರಿಕ ಗುಣ ಮತ್ತು ವಿನ್ಯಾಸದ ಉದ್ದೇಶ. ಒಂದೇ 8807ರ ಕೆಳಗೆ ಎರಡೂ ಬ್ರಾಕೆಟ್ ಬರಬಹುದು.

ಇಸಿಸಿಎನ್ ನಂಬರನ್ನೇ ಸ್ಕೋಮೆಟ್ ನಂಬರ್ ಅಂತ ಬರೆಯುವುದು. ಎರಡು ಪಟ್ಟಿಗಳ ಬೇರು ಬಹುಪಾಲು ಒಂದೇ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿದ್ದರೂ ಸಾಲು ಸಾಲಿಗೆ ಹೊಂದುವುದಿಲ್ಲ. ಗಿರಾಕಿಯ ಇಸಿಸಿಎನ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಪಟ್ಟಿಯಲ್ಲಿ ಇಲ್ಲ ಅಂದರೆ ಮುಗಿಯಿತು ಅಂದುಕೊಳ್ಳುವುದು. ಪಟ್ಟಿಯಲ್ಲಿ ಇಲ್ಲದ ಮಾಲೂ ಸಾಮೂಹಿಕ ನಾಶದ ಅಸ್ತ್ರಕ್ಕೋ ಅದನ್ನು ಒಯ್ಯುವ ಕ್ಷಿಪಣಿಗೋ ಹೋಗುತ್ತದೆ ಅಂತ ನಿಮಗೆ ಗೊತ್ತಿದ್ದರೆ ಇಂಥ ಅಸ್ತ್ರಗಳಿಗೆಂದೇ ಇರುವ ಭಾರತದ 2005ರ ಕಾನೂನು ತಡೆಯುತ್ತದೆ. 'ಗೊತ್ತಿರಲಿಲ್ಲ' ಅನ್ನುವುದನ್ನು ನಂಬಿಸಬೇಕಾದರೆ ನೀವು ವಿಚಾರಿಸಿದ್ದಕ್ಕೆ ದಾಖಲೆ ಬೇಕು.

ತೀರ್ಮಾನವನ್ನು ಒಂದು ಪುಟದಲ್ಲಿ ಬರೆದಿಡಿ. ಪಾರ್ಟ್ ನಂಬರ್, ರಿವಿಷನ್, ಯಾವ ಯಾವ ನಮೂದು ನೋಡಿದಿರಿ, ಯಾವುದು ಹೊಂದಲಿಲ್ಲ, ಯಾಕೆ, ಯಾರು ನೋಡಿದರು, ತಾರೀಕು. 'ಸ್ಕೋಮೆಟ್ ಅನ್ವಯಿಸದು' ಅಂತ ಒಂದೇ ಸಾಲು ಬರೆದರೆ ಆಮೇಲೆ ಯಾವುದಕ್ಕೂ ಬರುವುದಿಲ್ಲ. ವಿನ್ಯಾಸ ಮಾಡಿದ ಇಂಜಿನಿಯರ್ ಈ ಕೆಲಸದಲ್ಲಿ ಕೂರಲೇಬೇಕು. ಅಕೌಂಟ್ಸ್‌ನವರು ಒಬ್ಬರೇ ಮಾಡಿದ ವರ್ಗೀಕರಣ ನೋಡಿದಾಗಲೆಲ್ಲ ನನಗೆ ಅನುಮಾನವೇ.

ಡ್ರೋನ್ ಮಾಡುವವರಿಗೆ ಒಂದು ಮಾತು. 2023ರ ಜೂನ್‌ನಲ್ಲಿ ನಿಯಮ ಸಡಿಲವಾಗಿದೆ. 25 ಕಿ.ಮೀ.ವರೆಗೆ ಹಾರುವ, 25 ಕೆ.ಜಿ.ವರೆಗೆ ಹೊರೆ ಹೊರುವ ಕೆಲವು ಡ್ರೋನ್‌ಗಳನ್ನು ನಾಗರಿಕ ಬಳಕೆಗೆ ಕಳಿಸಲು ಸಾಮಾನ್ಯ ಅನುಮತಿ ಸಿಗುತ್ತದೆ, ಪ್ರತಿ ಸಲ ಬೇರೆ ಅರ್ಜಿ ಬೇಕಿಲ್ಲ. ಆದರೆ ಆ ಅನುಮತಿಯನ್ನೂ ಮೊದಲು ಪಡೆಯಬೇಕು. ಕಳಿಸಿ ಆಮೇಲೆ ಕೇಳುವುದಲ್ಲ.

## ಹಂತ 3: ಡ್ರಾಯಿಂಗ್‌ಗೆ ಬೀಗ ಹಾಕಿ

ಮಾಲು ರಫ್ತಾಗಬೇಕಾದರೆ ವಿಮಾನ ಹತ್ತಬೇಕು. ತಾಂತ್ರಿಕ ಮಾಹಿತಿಗೆ ಒಂದು ಕ್ಲಿಕ್ ಸಾಕು. ಇಮೇಲ್, ಕ್ಲೌಡ್ ಫೋಲ್ಡರ್, ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್, ಫೋನ್‌ನಲ್ಲಿ ಹೇಳಿದ ಟಾಲರೆನ್ಸ್, ಎಲ್ಲವೂ ತಂತ್ರಜ್ಞಾನ ವರ್ಗಾವಣೆ ಆಗಬಹುದು.

ಮೊದಲು, ಏನೆಲ್ಲ 'ತಾಂತ್ರಿಕ ಮಾಹಿತಿ' ಅಂತ ಪಟ್ಟಿ ಮಾಡಿ. ಡ್ರಾಯಿಂಗ್ ಮತ್ತು ಸ್ಟೆಪ್ ಫೈಲ್ ಎಲ್ಲರಿಗೂ ನೆನಪಾಗುತ್ತದೆ. ಮರೆತು ಹೋಗುವುದು ಅದರಿಂದ ಹುಟ್ಟಿದವು: ಸಿಎನ್‌ಸಿ ಪ್ರೋಗ್ರಾಂ, ಫಿಕ್ಸ್ಚರ್ ಡ್ರಾಯಿಂಗ್, ಪ್ರೋಸೆಸ್ ಶೀಟ್, ಅಳತೆ ಯಂತ್ರದ (ಸಿಎಂಎಂ) ರಿಪೋರ್ಟ್, ಮೊದಲ ಪೀಸ್‌ನ ತಪಾಸಣಾ ವರದಿ. ಮೆಷಿನ್ ಪಕ್ಕ ಅಂಟಿಸಿದ, ಎಣ್ಣೆ ಮೆತ್ತಿದ ಎ3 ಪ್ರಿಂಟ್ ಕೂಡ ಅದೇ. ತಪಾಸಣಾ ವರದಿಯನ್ನು ಗಿರಾಕಿಗೆ ವಾಪಸ್ ಮೇಲ್ ಮಾಡುವುದೂ ಭಾರತದಿಂದ ತಂತ್ರಜ್ಞಾನ ರಫ್ತು ಆಗಬಹುದು. ಅದಕ್ಕೇ ಹಂತ 2ರಲ್ಲಿ ಮಾಲಿನ ಜತೆ ಅದರ ತಂತ್ರಜ್ಞಾನವನ್ನೂ ವರ್ಗೀಕರಿಸಿ.

ಎರಡನೆಯದು, ಯಾರು ನೋಡಬಹುದು ಅಂತ ಹೆಸರು ಬರೆಯಿರಿ. ಐಟಾರ್ ಮಾಹಿತಿ ಆದರೆ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಇಂಜಿನಿಯರ್ ನೇಪಾಳದ ಪ್ರಜೆ ಆಗಿರಬಹುದು. ಒಸಿಐ ಕಾರ್ಡ್ ಇರುವ ಕ್ವಾಲಿಟಿ ಮ್ಯಾನೇಜರ್ ನೋಡಲು, ಮಾತಿಗೆ ಅಪ್ಪಟ ಮಂಡ್ಯದವರೇ, ಆದರೆ ಪಾಸ್‌ಪೋರ್ಟ್ ಬೇರೆ ದೇಶದ್ದು. ಮುಚ್ಚಿಡಬೇಡಿ, ಗಿರಾಕಿಗೆ ತಿಳಿಸಿ. ಒಪ್ಪಂದದಲ್ಲಿ ಅದಕ್ಕೆ ದಾರಿ ಇರುತ್ತದೆ. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ರೀಸ್ ರಾತ್ 2009ರಲ್ಲಿ ನಾಲ್ಕು ವರ್ಷದ ಜೈಲು ಶಿಕ್ಷೆಗೆ ಗುರಿಯಾದರು. ಮಿಲಿಟರಿ ಡ್ರೋನ್‌ಗೆ ಸಂಬಂಧಿಸಿದ ಮಾಹಿತಿ ಚೀನಾ ಮತ್ತು ಇರಾನ್‌ನ ವಿದ್ಯಾರ್ಥಿಗಳ ಕೈಗೆ ಸಿಕ್ಕಿದ್ದು ಅಲ್ಲೇ, ಅವರ ಲ್ಯಾಬ್‌ನಲ್ಲೇ. ಮಾಹಿತಿ ದೇಶ ದಾಟಲೇಬೇಕು ಅಂತಿಲ್ಲ.

ಮೂರನೆಯದು, ಬೇರೆ ಫೋಲ್ಡರ್, ಬೇರೆ ಪಾಸ್‌ವರ್ಡ್. ಪ್ರಿಂಟ್‌ಗೆ ರಿಜಿಸ್ಟರ್: ಯಾರು ತೆಗೆದುಕೊಂಡರು, ಯಾವಾಗ ವಾಪಸ್ ಕೊಟ್ಟರು. ಶಿಫ್ಟ್ ಮುಗಿದಾಗ ಪ್ರಿಂಟ್ ಕಪಾಟಿಗೆ. ವಾಟ್ಸಾಪ್ ಗ್ರೂಪ್‌ನಲ್ಲಿ ಪೀಸ್‌ನ ಫೋಟೊ, ಡ್ರಾಯಿಂಗ್‌ನ ಫೋಟೊ ಖಡಾಖಂಡಿತ ಬೇಡ. ಇದು ಹೇಳಿದಷ್ಟು ಸುಲಭವಲ್ಲ, ಗೊತ್ತು. ರಾತ್ರಿ ಪಾಳಿಯಲ್ಲಿ ಡೌಟ್ ಬಂದರೆ ಆಪರೇಟರ್ ಮೊದಲು ಫೋಟೊ ತೆಗೆದು ಸೂಪರ್‌ವೈಸರ್‌ಗೆ ಕಳಿಸುತ್ತಾನೆ. ಬೇಡ ಅಂತ ಬರೀ ಬೋರ್ಡ್ ಹಾಕಿದರೆ ನಿಲ್ಲುವುದಿಲ್ಲ. ಡೌಟ್ ಕೇಳಲು ಬೇರೆ ದಾರಿ ಕೊಡಿ, ಶಾಪ್‌ನಲ್ಲೇ ಒಂದು ಕಂಪ್ಯೂಟರ್ ಆದರೂ ಇಡಿ.

ಎನ್‌ಕ್ರಿಪ್ಷನ್ ವಿಷಯದಲ್ಲಿ ಒಂದು ಗೊಂದಲ ಇದೆ. ಆ ತುದಿಯಿಂದ ಈ ತುದಿವರೆಗೆ ಬೀಗ ಹಾಕಿ ಕಳಿಸಿದ, ರಹಸ್ಯ ದರ್ಜೆಗೆ ಸೇರದ ಮಾಹಿತಿಯನ್ನು ಕೆಲವು ಷರತ್ತುಗಳ ಮೇಲೆ ರಫ್ತು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ 2020ರ ಮಾರ್ಚ್‌ನಿಂದ ಐಟಾರ್ ಹೇಳುತ್ತದೆ. ಆದರೆ ಅನುಮತಿ ಇಲ್ಲದವರಿಗೆ ಬೀಗದ ಕೈ ಕೊಟ್ಟ ಕ್ಷಣ ಆ ಮಾತು ಮುಗಿಯಿತು. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕಳಿಸಿ ಅದೇ ಮೇಲ್‌ನಲ್ಲಿ ಪಾಸ್‌ವರ್ಡ್ ಬರೆಯುವುದು ಇದರ ಹತ್ತಿರಕ್ಕೂ ಬರುವುದಿಲ್ಲ.

ಜಾಬ್ ವರ್ಕ್. ಹೀಟ್ ಟ್ರೀಟ್‌ಮೆಂಟ್‌ಗೆ ಪೂರ್ತಿ ಡ್ರಾಯಿಂಗ್ ಬೇಕಾ? ಗಡಸುತನ, ವಸ್ತು, ಸ್ಪೆಸಿಫಿಕೇಶನ್ ನಂಬರ್ ಸಾಕಾಗುತ್ತದೆ. ಪ್ಲೇಟಿಂಗ್‌ಗೆ ಎಲ್ಲಿ ಮಾಸ್ಕ್ ಮಾಡಬೇಕು ಅನ್ನುವ ಚಿತ್ರ ಸಾಕು. ಅವರಿಗೆ ಬೇಕಾದಷ್ಟನ್ನೇ ಬರೆದ ಬೇರೆ ಹಾಳೆ ಮಾಡಿ. ಅದೂ ನಿಯಂತ್ರಿತ ಮಾಹಿತಿಯೇ ಆಗಿದ್ದರೆ ಆ ವೆಂಡರ್ ಹೆಸರು ಗಿರಾಕಿಯ ಒಪ್ಪಂದದಲ್ಲಿ ಇರಬೇಕು.

ಪ್ರಯಾಣ ಮತ್ತು ಪ್ರದರ್ಶನ. ವಿದೇಶಕ್ಕೆ ಹೋಗುವವರಿಗೆ ಖಾಲಿ ಲ್ಯಾಪ್‌ಟಾಪ್ ಕೊಡಿ. 2024ರಲ್ಲಿ ಅಮೆರಿಕದ ರಕ್ಷಣಾ ಕಂಪನಿ ಆರ್‌ಟಿಎಕ್ಸ್ ಒಪ್ಪಿಕೊಂಡ 20 ಕೋಟಿ ಡಾಲರ್ ದಂಡದ ಪ್ರಕರಣದಲ್ಲಿ, ನಿಷೇಧಿತ ದೇಶಗಳಿಗೆ ಉದ್ಯೋಗಿಗಳು ಲ್ಯಾಪ್‌ಟಾಪ್ ಒಯ್ದ ಆರೋಪವೂ ಇತ್ತು. ಯಲಹಂಕದ ಏರೋ ಇಂಡಿಯಾದಲ್ಲಿ ಸ್ಟಾಲ್ ಹಾಕುತ್ತೀರಾ? ಮೇಜಿನ ಮೇಲೆ ಇಡುವ ಸ್ಯಾಂಪಲ್ ಪೀಸ್ ಯಾರದ್ದು, ಅದನ್ನು ತೋರಿಸಬಹುದಾ ಅಂತ ಮೊದಲು ಕೇಳಿ. ವಿದೇಶದ ಪ್ರದರ್ಶನಕ್ಕೆ ಪೀಸ್ ಒಯ್ದು ವಾಪಸ್ ತರುವುದಕ್ಕೂ ಅನುಮತಿ ಬೇಕು.

## ಹಂತ 4: ಗಿರಾಕಿ ಯಾರು, ಕೊನೆಗೆ ಬಳಸುವವರು ಯಾರು

ಕೊಳ್ಳುವವರು, ಮಾಲು ಇಳಿಸಿಕೊಳ್ಳುವವರು, ನಡುವಿನವರು, ಕೊನೆಗೆ ಬಳಸುವವರು. ಈ ನಾಲ್ಕೂ ಹೆಸರು, ವಿಳಾಸ ಬರೆಯಿರಿ. ನಾಲ್ಕೂ ಒಬ್ಬರೇ ಇರಬಹುದು, ತೊಂದರೆ ಇಲ್ಲ. ಯಾವುದಾದರೂ ಒಂದು ಖಾಲಿ ಇದ್ದರೆ ಮುಂದೆ ಹೋಗಬೇಡಿ.

ಪ್ರತಿ ಹೆಸರನ್ನೂ ವಿಶ್ವಸಂಸ್ಥೆ ಭದ್ರತಾ ಮಂಡಳಿಯ ನಿರ್ಬಂಧ ಪಟ್ಟಿಯಲ್ಲಿ, ಅಮೆರಿಕ ಸರ್ಕಾರದ ಒಟ್ಟುಗೂಡಿಸಿದ ಸ್ಕ್ರೀನಿಂಗ್ ಪಟ್ಟಿಯಲ್ಲಿ ಹುಡುಕಿ. ಎರಡೂ ಉಚಿತ. ಕಾಗುಣಿತ ಬದಲಿಸಿ ಹುಡುಕಿ, ವಿಳಾಸವನ್ನೂ ಹುಡುಕಿ. ಹೆಸರು ಬದಲಿಸಿಕೊಂಡು ಅದೇ ವಿಳಾಸದಲ್ಲಿ ಕೂತ ಕಂಪನಿಗಳು ಇರುತ್ತವೆ. ಫಲಿತಾಂಶದ ಸ್ಕ್ರೀನ್‌ಶಾಟ್ ತಾರೀಕಿನ ಸಮೇತ ಇಡಿ. ಆರ್ಡರ್ ಬಂದಾಗ ಒಮ್ಮೆ, ಮಾಲು ಹೊರಡುವಾಗ ಇನ್ನೊಮ್ಮೆ. ನಡುವೆ ತಿಂಗಳುಗಳು ಕಳೆದಿರುತ್ತವೆ.

ಅನುಮಾನ ಬರಬೇಕಾದ ಲಕ್ಷಣಗಳು:

- ಎಲ್ಲಿ ಬಳಸುತ್ತೀರಿ ಅಂದರೆ 'ಇಂಡಸ್ಟ್ರಿಯಲ್ ಯೂಸ್' ಅಂತ ಎರಡೇ ಪದದ ಉತ್ತರ.
- ವಿಳಾಸ ಹುಡುಕಿದರೆ ಅಪಾರ್ಟ್‌ಮೆಂಟ್ ಅಥವಾ ಸರಕು ಸಾಗಣೆ ಏಜೆಂಟರ ಗೋದಾಮು.
- ನಿನ್ನೆ ಮೊನ್ನೆ ಹುಟ್ಟಿದ ಟ್ರೇಡಿಂಗ್ ಕಂಪನಿ, ವಿಮಾನದ ಬಿಡಿಭಾಗದ ಹಿನ್ನೆಲೆಯೇ ಇಲ್ಲ.
- ರೇಟ್ ಬಗ್ಗೆ ಚೌಕಾಸಿಯೇ ಇಲ್ಲ, ಪೂರ್ತಿ ಹಣ ಮುಂಗಡ, ಅದೂ ಮೂರನೇ ದೇಶದ ಖಾತೆಯಿಂದ.
- ಸುತ್ತು ಬಳಸಿನ ದಾರಿ. ಕೊನೇ ಗಳಿಗೆಯಲ್ಲಿ ಇಳಿಸುವ ಊರು ಬದಲು.
- 'ಇನ್‌ವಾಯ್ಸ್‌ನಲ್ಲಿ ಪಾರ್ಟ್ ನಂಬರ್ ಹಾಕಬೇಡಿ, ಮೆಷಿನ್ಡ್ ಪಾರ್ಟ್ಸ್ ಅಂತ ಬರೆಯಿರಿ' ಅನ್ನುವ ಕೋರಿಕೆ.

ಕೊನೆಯದು ಬಂದರೆ ಮಾತು ಅಲ್ಲಿಗೆ ನಿಲ್ಲಿಸಿ. 2024ರ ಅಕ್ಟೋಬರ್ ಕೊನೆಯಲ್ಲಿ ರಷ್ಯಾಕ್ಕೆ ಸಂಬಂಧಿಸಿ ಅಮೆರಿಕ ಒಮ್ಮೆಲೇ ಸುಮಾರು 400 ಕಂಪನಿ, ವ್ಯಕ್ತಿಗಳ ಮೇಲೆ ನಿರ್ಬಂಧ ಹೇರಿತು. ಅದರಲ್ಲಿ ಭಾರತದ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು. ಪಟ್ಟಿಗೆ ಹೆಸರು ಸೇರಿದರೆ ಡಾಲರ್ ವ್ಯವಹಾರವೇ ನಿಲ್ಲುತ್ತದೆ. ನಮ್ಮ ಕೋರ್ಟು ಏನು ಹೇಳುತ್ತದೆ ಅನ್ನುವುದು ಆಮೇಲಿನ ಮಾತು.

## ಹಂತ 5: ಅಂತಿಮ ಬಳಕೆ ಪ್ರಮಾಣಪತ್ರ

ಇಯುಸಿ ಅಂತಲೇ ಎಲ್ಲರೂ ಕರೆಯುವುದು. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ ಇಲ್ಲೇ. ಪತ್ರ ಸಣ್ಣದು, ತಪ್ಪುಗಳು ನೂರೆಂಟು.

ಸಹಿ ಹಾಕಬೇಕಾದವರು ಕೊನೆಗೆ ಬಳಸುವವರು, ಅವರದೇ ಲೆಟರ್‌ಹೆಡ್ ಮೇಲೆ. ನಡುವಿನ ಡೀಲರ್ ಕೊಟ್ಟ ಪತ್ರ ಅದರ ಜಾಗಕ್ಕೆ ಬರುವುದಿಲ್ಲ, ಜತೆಗೆ ಬೇಕಾಗಬಹುದು ಅಷ್ಟೇ. ಕೆಲವು ಮಿಲಿಟರಿ ಮಾಲಿಗೆ ಆ ದೇಶದ ಸರ್ಕಾರವೇ ಕೊಡಬೇಕಾಗುತ್ತದೆ. ನಿಮ್ಮ ಮಾಲಿಗೆ ಯಾವುದು ಅಂತ ಇಲಾಖೆಯ ಕಾರ್ಯವಿಧಾನದಲ್ಲಿ ನೋಡಿಯೇ ಗಿರಾಕಿಗೆ ನಮೂನೆ ಕಳಿಸಿ. ಇಲಾಖೆಯ ನಮೂನೆ ಬಿಟ್ಟು ಅವರದೇ ಭಾಷೆಯಲ್ಲಿ ಬರೆದು ಕಳಿಸುತ್ತಾರೆ, ಅದು ವಾಪಸ್ ಬರುತ್ತದೆ.

ಕೈಗೆ ಬಂದ ಮೇಲೆ ಪರ್ಚೇಸ್ ಆರ್ಡರ್ ಪಕ್ಕ ಇಟ್ಟು ಸಾಲು ಸಾಲು ಹೋಲಿಸಿ. ಕಂಪನಿ ಹೆಸರಿನ ಕೊನೆಯ 'ಲಿಮಿಟೆಡ್', 'ಇಂಕ್' ಕೂಡ. ಪಾರ್ಟ್ ನಂಬರ್, ರಿವಿಷನ್ ಅಕ್ಷರ, ಪ್ರಮಾಣ, ಆರ್ಡರ್ ನಂಬರ್, ತಾರೀಕು. ಆರ್ಡರ್‌ನಲ್ಲಿ 500, ಇಯುಸಿಯಲ್ಲಿ 450 ಇದ್ದರೆ ಸಿಗುವುದು ಹೆಚ್ಚೆಂದರೆ 450ಕ್ಕೆ. ಬಳಕೆಯ ವಿವರ ಒಂದು ಪೂರ್ತಿ ವಾಕ್ಯ ಇರಲಿ: ಯಾವ ವಿಮಾನ, ಯಾವ ಅಸೆಂಬ್ಲಿ, ಯಾರ ಬಳಕೆಗೆ. ಸಹಿಯ ಕೆಳಗೆ ಹೆಸರು, ಹುದ್ದೆ, ಸೀಲ್.

## ಹಂತ 6: ಸರಿಯಾದ ಕಚೇರಿಗೆ ಅರ್ಜಿ

ವರ್ಗ 6 ಆದರೆ, ಒಂದೆರಡು ಉಪವಿಭಾಗ ಬಿಟ್ಟು, ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆಗೆ. ವರ್ಗ 0 ಪರಮಾಣು ಶಕ್ತಿ ಇಲಾಖೆಗೆ. ಉಳಿದದ್ದು ದೆಹಲಿಯ ಡಿಜಿಎಫ್‌ಟಿ ಮುಖ್ಯ ಕಚೇರಿಗೆ. ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಓಡಿ ಪ್ರಯೋಜನವಿಲ್ಲ, ಸ್ಕೋಮೆಟ್ ತೀರ್ಮಾನ ಅಲ್ಲಿ ಆಗುವುದಿಲ್ಲ. ವರ್ಗ ತಪ್ಪಿ ತಪ್ಪು ಕಚೇರಿಗೆ ಹಾಕಿದರೆ ಸುಮ್ನೆ ವಾರಗಟ್ಟಲೆ ವ್ಯರ್ಥ.

ಡಿಜಿಎಫ್‌ಟಿ ಅರ್ಜಿಗಳನ್ನು ಸಾಮಾನ್ಯವಾಗಿ ಹಲವು ಸಚಿವಾಲಯಗಳು ಕೂತ ಒಂದು ಸಮಿತಿ ನೋಡುತ್ತದೆ. ವಿದೇಶಾಂಗ, ರಕ್ಷಣಾ ಸಂಶೋಧನೆ, ಬಾಹ್ಯಾಕಾಶ ಕಡೆಯವರೆಲ್ಲ ಅಲ್ಲಿರುತ್ತಾರೆ. ನಿಮ್ಮ ಮಾಲನ್ನು ಅವರು ಕಣ್ಣಾರೆ ನೋಡಿರುವುದಿಲ್ಲ. ಹಾಗಾಗಿ ತಾಂತ್ರಿಕ ವಿವರ ಎರಡು ಪುಟದಲ್ಲಿ, ಫೋಟೊ ಸಮೇತ, ಸ್ಪಷ್ಟವಾಗಿ ಬರೆಯಿರಿ. 40 ಪುಟದ ಕ್ಯಾಟಲಾಗ್ ತುರುಕಿದರೆ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಪ್ರಶ್ನೆ ಬಂದರೆ ಪೋರ್ಟಲ್‌ನಲ್ಲೇ ಉತ್ತರಿಸಿ, ದಿನವೂ ಲಾಗಿನ್ ಆಗಿ ನೋಡಿ. ಉತ್ತರ ಕೊಡದೆ ಬಿದ್ದಿರುವ ಅರ್ಜಿ ತಾನಾಗಿ ಮುಂದೆ ಹೋಗುವುದಿಲ್ಲ.

ಅರ್ಜಿ ಹಾಕುವ ಮೊದಲು ಸುಲಭದ ದಾರಿ ಇದೆಯಾ ಅಂತ ನೋಡಿ. ಮಿಲಿಟರಿ ಬಿಡಿಭಾಗಗಳನ್ನು ಆಯ್ದ ಕೆಲವು ದೇಶಗಳಿಗೆ ಕಳಿಸಲು 2019ರಿಂದ ಒಜಿಇಎಲ್ ಅನ್ನುವ ಮುಕ್ತ ಸಾಮಾನ್ಯ ಪರವಾನಗಿ ಇದೆ. ಒಂದೇ ಗುಂಪಿನ ಕಂಪನಿಗಳ ನಡುವಿನ ತಂತ್ರಜ್ಞಾನ ವರ್ಗಾವಣೆಗೂ ಉಂಟು. ಡಿಜಿಎಫ್‌ಟಿಯಲ್ಲಿ ಅದೇ ಮಾಲು, ಅದೇ ಗಿರಾಕಿ, ಅದೇ ಅಂತಿಮ ಬಳಕೆದಾರ ಆದರೆ ಮರು ಆರ್ಡರ್‌ಗೆ ಚುಟುಕು ದಾರಿ ಇದೆ. ಅದಕ್ಕೇ ಮೊದಲ ಅರ್ಜಿಯಲ್ಲಿ ಹೆಸರುಗಳು ಅಚ್ಚುಕಟ್ಟಾಗಿರಲಿ.

ಪರ್ಚೇಸ್ ಆರ್ಡರ್ ಒಪ್ಪುವಾಗ ಒಂದು ಸಾಲು ಸೇರಿಸಿ: ಡೆಲಿವರಿ ದಿನಗಳು ರಫ್ತು ಪರವಾನಗಿ ಸಿಕ್ಕ ದಿನದಿಂದ ಲೆಕ್ಕ, ಪರವಾನಗಿ ತಡವಾದರೆ ದಂಡ ಇಲ್ಲ. ಈ ಸಾಲು ಇಲ್ಲದವರು ಡೆಲಿವರಿ ದಂಡಕ್ಕೆ ಹೆದರಿ ಪರವಾನಗಿ ಇಲ್ಲದೆ ಕಳಿಸುವ ಯೋಚನೆಗೆ ಬೀಳುತ್ತಾರೆ.

## ಹಂತ 7: ಮಾಲು ಹೊರಡುವ ದಿನ

ಪರವಾನಗಿ ಕೈಗೆ ಬಂದರೆ ಹಿಂದಿನ ಪುಟದ ಷರತ್ತುಗಳನ್ನೂ ಓದಿ. ಎಷ್ಟು ಪ್ರಮಾಣ, ಯಾವ ಅವಧಿ, ಕಳಿಸಿದ ಮೇಲೆ ಏನು ವರದಿ ಕೊಡಬೇಕು ಎಲ್ಲ ಅಲ್ಲಿರುತ್ತದೆ. ಶಿಪ್ಪಿಂಗ್ ಬಿಲ್‌ನಲ್ಲಿ (ಕಸ್ಟಮ್ಸ್‌ಗೆ ಕೊಡುವ ರಫ್ತು ಪತ್ರ) ಪರವಾನಗಿ ನಂಬರ್ ಹಾಕಲು ಬ್ರೋಕರ್‌ಗೆ ಬರಹದಲ್ಲಿ ಹೇಳಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಪರವಾನಗಿ ನಾಲ್ಕರಲ್ಲೂ ಹೆಸರು ಮತ್ತು ಪಾರ್ಟ್ ನಂಬರ್ ಒಂದೇ ಇರಬೇಕು. ಕಂತುಗಳಲ್ಲಿ ಕಳಿಸುತ್ತಿದ್ದರೆ ಪರವಾನಗಿಯಲ್ಲಿ ಎಷ್ಟು ಉಳಿದಿದೆ ಅಂತ ಒಂದು ಎಕ್ಸೆಲ್ ಶೀಟ್ ಇಡಿ. ಪ್ರಮಾಣ ಮೀರಿದ ಹತ್ತು ಪೀಸ್ ಕೂಡ ಪರವಾನಗಿ ಇಲ್ಲದ ರಫ್ತೇ.

ಕೊರಿಯರ್‌ನಲ್ಲಿ ಸ್ಯಾಂಪಲ್ ಕಳಿಸುವುದಕ್ಕೂ ಇದೇ ನಿಯಮ. 'ನೋ ಕಮರ್ಷಿಯಲ್ ವ್ಯಾಲ್ಯೂ' ಅಂತ ಬರೆದರೆ ಪರವಾನಗಿ ಬೇಡವಾಗುವುದಿಲ್ಲ.

## ಹಂತ 8: ರಿಜೆಕ್ಟ್ ಪೀಸ್, ಹಳೇ ಮೆಷಿನ್, ದಾಖಲೆ

ರಿಜೆಕ್ಟ್ ಆದ ಪೀಸ್ ಗುಜರಿಗೆ ಹೋಗುವ ಮುಂಚೆ ಕತ್ತರಿಸಿ. ಅಳತೆ ತೆಗೆಯಲು ಆಗದ ಹಾಗೆ, ಮುಖ್ಯ ಭಾಗಗಳ ಮೇಲೇ. ಒಂದು ತೂತು ಹೊರಗೆ ಹೋಗಿದೆ ಅಂತ ರಿಜೆಕ್ಟ್ ಆದ ಬ್ರಾಕೆಟ್‌ನಲ್ಲಿ ಉಳಿದ ಅಳತೆಯೆಲ್ಲ ಸರಿಯಾಗೇ ಇರುತ್ತದೆ. ಕತ್ತರಿಸಿದ ಫೋಟೊ, ಎಣಿಕೆ, ಇಬ್ಬರ ಸಹಿ ಫೈಲ್‌ಗೆ. ಕೊಟ್ಟ ಮೆಟೀರಿಯಲ್, ಕಳಿಸಿದ ಪೀಸ್, ಕತ್ತರಿಸಿದ ಪೀಸ್ ಲೆಕ್ಕ ಹೊಂದಬೇಕು.

ಐದು ಆಕ್ಸಿಸ್ ಮೆಷಿನ್ ಇದ್ದರೆ ಅದೇ ಒಂದು ನಿಯಂತ್ರಿತ ಮಾಲು ಆಗಿರಬಹುದು. ಜಾಗ ಬದಲಿಸಿದರೆ ತಾನಾಗಿ ಲಾಕ್ ಆಗುವ ಸಾಧನ ಜಪಾನಿನ ಹಲವು ಮೆಷಿನ್‌ಗಳಲ್ಲಿ ಇರುತ್ತದೆ. ಶೆಡ್ ಬದಲಿಸುವ ಮೊದಲು, ಮಾರುವ ಮೊದಲು ಕೊಂಡಾಗಿನ ಒಪ್ಪಂದ ತೆಗೆದು ಓದಿ.

ದಾಖಲೆಗಳನ್ನು ಕನಿಷ್ಠ 5 ವರ್ಷ ಇಡಿ. ಗಿರಾಕಿಯ ಒಪ್ಪಂದ ಇನ್ನೂ ಜಾಸ್ತಿ ಕೇಳಿದರೆ ಅಷ್ಟು. ಪ್ರತಿ ಆರ್ಡರ್‌ಗೆ ಒಂದೇ ಫೈಲ್: ವರ್ಗೀಕರಣದ ಪುಟ, ಗಿರಾಕಿಯ ಉತ್ತರ, ಸ್ಕ್ರೀನಿಂಗ್, ಇಯುಸಿ, ಪರವಾನಗಿ, ಶಿಪ್ಪಿಂಗ್ ಬಿಲ್, ಕತ್ತರಿಸಿದ ಲೆಕ್ಕ. ಬೇರೆ ಬೇರೆ ವಿಭಾಗದಲ್ಲಿ ಹಂಚಿಹೋದ ದಾಖಲೆ ಬೇಕಾದಾಗ ಸಿಗುವುದಿಲ್ಲ.

## ತಪ್ಪಾಗಿದೆ ಅಂತ ಗೊತ್ತಾದರೆ

ಮೊದಲು ನಿಲ್ಲಿಸಿ. ಅದೇ ಗಿರಾಕಿಯ ಮುಂದಿನ ಕಂತು, ಅದೇ ಡ್ರಾಯಿಂಗ್‌ನ ಕೆಲಸ, ಎಲ್ಲ. ಮೇಲ್ ಡಿಲೀಟ್ ಮಾಡಬೇಡಿ. ತಪ್ಪಿಗಿಂತ ಮುಚ್ಚಿಹಾಕಿದ್ದಕ್ಕೇ ಜಾಸ್ತಿ ಶಿಕ್ಷೆ ಆಗುವ ವಿಷಯ ಇದು. ಏನು ಹೋಯಿತು, ಯಾರಿಗೆ, ಯಾವತ್ತು, ಯಾವ ದಾರಿಯಲ್ಲಿ ಅಂತ ಬರೆಯಿರಿ. ಆಮೇಲೆ ವಕೀಲರನ್ನು ಕೂರಿಸಿಕೊಳ್ಳಿ. ಇಲ್ಲಿ ಬೇರೆಯವರ ಸಲಹೆ ಸಾಲದು.

ಅಮೆರಿಕದ ಎರಡೂ ಇಲಾಖೆಗಳಲ್ಲಿ, ನಮ್ಮ ಡಿಜಿಎಫ್‌ಟಿಯಲ್ಲೂ, ತಾವಾಗಿ ಬಂದು ಹೇಳಿಕೊಳ್ಳುವ ವ್ಯವಸ್ಥೆ ಇದೆ. ಹಾಗೆ ಹೇಳಿದ್ದನ್ನು ದಂಡ ಲೆಕ್ಕ ಹಾಕುವಾಗ ಪರಿಗಣಿಸುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ಲೆಕ್ಕವೇ ಬೇರೆ. ನಮ್ಮ ವಿದೇಶಿ ವ್ಯಾಪಾರ ಕಾಯ್ದೆಯಲ್ಲಿ ಮಾಲಿನ ಬೆಲೆಯ 5 ಪಟ್ಟಿನವರೆಗೂ ದಂಡ ಹೋಗಬಹುದು, ಐಇಸಿಯೂ ಅಮಾನತಾಗಬಹುದು. 2005ರ ಕಾಯ್ದೆಯಲ್ಲಿ ಅನುಮತಿ ಇಲ್ಲದ ರಫ್ತಿಗೆ ಮೊದಲ ಸಲ 3 ಲಕ್ಷದಿಂದ 20 ಲಕ್ಷ ರೂಪಾಯಿ, ಎರಡನೇ ಸಲ 6 ತಿಂಗಳಿಂದ 5 ವರ್ಷ ಜೈಲು. ಬೇಕೆಂದೇ ಮಾಡಿದ ಐಟಾರ್ ಉಲ್ಲಂಘನೆಗೆ ಅಮೆರಿಕದಲ್ಲಿ 20 ವರ್ಷದವರೆಗೆ ಜೈಲು, ಪ್ರತಿ ಉಲ್ಲಂಘನೆಗೂ 10 ಲಕ್ಷ ಡಾಲರ್‌ವರೆಗೆ ದಂಡ.

ಗಿರಾಕಿಗೂ ಅದೇ ದಿನ ತಿಳಿಸಿ. ಡ್ರಾಯಿಂಗ್ ಅವರದ್ದು. ಅವರ ದೇಶದಲ್ಲಿ ಹೇಳಿಕೊಳ್ಳಬೇಕಾದವರು ಅವರೇ. ನೀವು ತಡ ಮಾಡಿದ ಪ್ರತಿ ದಿನವೂ ಅವರ ವರದಿಯಲ್ಲಿ ನಿಮ್ಮ ಹೆಸರಿನ ಮುಂದೆ ಬರುತ್ತದೆ.